ಪಂಜದ ಹೆಸರು ಹೊತ್ತ ಗುರು

ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯೊಂದರಲ್ಲಿ ಪಂಜವೆಂಬ ಊರು ಸಿಗುತ್ತದೆ. ಯಾತ್ರಿಕರ ಮನಸ್ಸು ಆಗಲೇ ಕುಮಾರಧಾರೆಯ ಸ್ನಾನದ ಕಡೆಗೆ ಹರಿದಿರುವುದರಿಂದ ಈ ಊರನ್ನು ಗಮನಿಸುವವರು ವಿರಳ. ಆದರೆ ಕನ್ನಡ ಕಲಿತ ಮಕ್ಕಳಿಗೆ ಇದು ಅಪರಿಚಿತವಾದ ಹೆಸರಲ್ಲ. ಇಲ್ಲಿಂದ ಹೊರಟ ಒಂದು ಮನೆತನ ಬಂಟ್ವಾಳದಲ್ಲಿ ನೆಲೆನಿಂತಿತು. ಊರನ್ನು ಬಿಟ್ಟರೂ ಊರಿನ ಹೆಸರನ್ನು ಬಿಡಲಿಲ್ಲ. ಆ ಮನೆತನದಲ್ಲಿ 1874ರ ಫೆಬ್ರವರಿ 22ರಂದು ಹುಟ್ಟಿದವರೇ ಪಂಜೆ ಮಂಗೇಶರಾಯರು.

ಅವರ ಜೀವನವನ್ನು ನಾನು ಮತ್ತೆ ನೆನೆಯುವುದಕ್ಕೆ ನನ್ನದೇ ಒಂದು ತಪ್ಪು ಕಾರಣ. ಬಹಳ ವರ್ಷಗಳ ಹಿಂದೆ, ಈ ಮಲೆಸೀಮೆಯ ಶಾಲೆಯೊಂದರಲ್ಲಿ ಕನ್ನಡ ಉಪಾಧ್ಯಾಯನಾಗಿದ್ದಾಗ, ಮಳೆಗಾಲವನ್ನು ಕುರಿತು ಪ್ರಬಂಧ ಬರೆದು ತರುವಂತೆ ಮಕ್ಕಳಿಗೆ ಹೇಳಿದ್ದೆ. ಒಬ್ಬ ಹುಡುಗ ತನ್ನ ಅಜ್ಜಿ ಕೆಸರು ಗದ್ದೆಯಲ್ಲಿ ಬಗ್ಗಿ ನೇಜಿ ನೆಡುತ್ತ ಪಾಡ್ದನ ಹೇಳುವುದನ್ನು ಬರೆದು ತಂದ. ನಾನು ಕೆಂಪು ಶಾಯಿಯಲ್ಲಿ ನೇಜಿಯನ್ನು ಹೊಡೆದು ಸಸಿಯೆಂದೂ, ಪಾಡ್ದನವನ್ನು ಹೊಡೆದು ಹಾಡೆಂದೂ ತಿದ್ದಿದೆ. ಅವು ತುಳು ಮಾತುಗಳು, ಪ್ರಬಂಧಕ್ಕೆ ಸಲ್ಲವು ಎಂಬುದು ಆಗಿನ ನನ್ನ ತಿಳಿವಳಿಕೆ. ಮುಂದಿನ ಸಲ ಅವನು ಬರೆದು ತಂದದ್ದು ಒಂದು ಗೈಡ್ ಪುಸ್ತಕದ ನಕಲು. ಅದರಲ್ಲಿ ತಿದ್ದಬೇಕಾದ ಒಂದು ಅಕ್ಷರವೂ ಇರಲಿಲ್ಲ. ಆ ಹುಡುಗನೂ ಇರಲಿಲ್ಲ.

ಮಂಗೇಶರಾಯರ ಮನೆಮಾತು ಕೊಂಕಣಿ. ಬೀದಿಯ ಮಾತು ತುಳು. ಕನ್ನಡವನ್ನು ಅವರು ಕಲಿತು ಪಡೆದರು. ನಮ್ಮ ಜಿಲ್ಲೆಯ ಬಹುಪಾಲು ಮಕ್ಕಳ ಸ್ಥಿತಿಯೂ ಇದೇ ಅಲ್ಲವೆ? ಮನೆಯ ಹೊಸ್ತಿಲು ದಾಟಿದ ಮೇಲೆ ಸಿಗುವ ಭಾಷೆಯನ್ನು ಮಗು ಹೇಗೆ ತನ್ನದಾಗಿ ಮಾಡಿಕೊಳ್ಳುತ್ತದೆಂಬುದನ್ನು ಅವರು ಸ್ವಂತ ಅನುಭವದಿಂದ ಬಲ್ಲವರಾಗಿದ್ದರು. ಮಂಗಳೂರಿನಲ್ಲಿ ವಿದ್ಯೆ ಮುಗಿಸಿ, ಅಲ್ಲಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಬಳಿಕ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರರಾದರು. ಇನ್‌ಸ್ಪೆಕ್ಟರರೆಂದರೆ ಮಕ್ಕಳಿಗಿಂತ ಉಪಾಧ್ಯಾಯರೇ ಹೆಚ್ಚು ನಡುಗುತ್ತಿದ್ದ ಕಾಲವದು. ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಸುಳ್ಯವಾಗಲಿ ಕಡಬವಾಗಲಿ ಆಗ ಪ್ರತ್ಯೇಕ ತಾಲೂಕುಗಳಾಗಿರಲಿಲ್ಲ. ಹೊಳೆಗಳಿಗೆ ಸೇತುವೆಗಳೂ ಅಪರೂಪ.

ಕನ್ನಡದಲ್ಲಿ ಮಕ್ಕಳು ಸಂತೋಷದಿಂದ ಓದಬಹುದಾದ ಪುಸ್ತಕಗಳು ಅಂದು ತೀರ ಕಡಿಮೆಯಾಗಿದ್ದುವು. ಪಾಠವಿತ್ತು, ನೀತಿಯಿತ್ತು, ಕಂಠಪಾಠವಿತ್ತು, ಆಟವಿರಲಿಲ್ಲ. ಮಂಗೇಶರಾಯರು ಆ ಕೊರತೆಯನ್ನು ತುಂಬಲು ತಾವೇ ಬರೆಯತೊಡಗಿದರು. ಕವಿಶಿಷ್ಯ ಎಂಬುದು ಅವರು ಇಟ್ಟುಕೊಂಡ ಕಾವ್ಯನಾಮ. ಮಕ್ಕಳಿಗೆ ಗುರುವಾದವರು ತಮ್ಮನ್ನು ಶಿಷ್ಯನೆಂದು ಕರೆದುಕೊಂಡುದರಲ್ಲಿ ಅವರ ಸ್ವಭಾವವೆಲ್ಲ ಇದೆ. ಹರಟೆ ಬರೆಯುವಾಗ ಹರಟೆಮಲ್ಲರಾಗುತ್ತಿದ್ದರು. 1900ರ ಸುಮಾರಿಗೆ ಬೆನಗಲ್ ರಾಮರಾಯರ ಸುವಾಸಿನಿ ಪತ್ರಿಕೆಯಲ್ಲಿ ಬಂದ ಅವರ ಕಥೆಗಳನ್ನು ಕನ್ನಡದ ಮೊದಲ ಸಣ್ಣಕಥೆಗಳಲ್ಲಿ ಎಣಿಸುತ್ತಾರೆ. ಚಿಕ್ಕತಾಯಿ, ಚಿಕ್ಕತಂದೆಯರೇ ಅವುಗಳ ವಸ್ತು. ಅಂದರೆ, ಹೊಸ ಸಾಹಿತ್ಯಪ್ರಕಾರವೊಂದು ಈ ನಾಡಿಗೆ ಮನೆಯ ಜಗಲಿಯಿಂದಲೇ ಕಾಲಿಟ್ಟಿತು.

ಮಕ್ಕಳಿಗಾಗಿ ಅವರು ಬರೆದುದರಲ್ಲಿಯೂ ಇದೇ ಗುಣ. ಹಾವನ್ನು ಕಂಡ ಮಗುವಿನ ಭಯ ಮತ್ತು ಕುತೂಹಲ ಅವರಿಗೆ ಪದ್ಯವಾಯಿತು. ಕರಾವಳಿಯ ಮರಗಳನ್ನು ತೂಗುವ ತೆಂಕಣ ಗಾಳಿ ಪದ್ಯವಾಯಿತು. ಒಣಗಲಿಟ್ಟ ಸಿಗಡಿ ಏಕೆ ಒಣಗಲಿಲ್ಲ ಎಂಬ ಪ್ರಶ್ನೆಯೇ ಒಂದು ಕಥೆಯಾಯಿತು. ಒಂದು ಪ್ರಶ್ನೆಯ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಬರುವ ಇಂಥ ಸರಪಳಿಯ ಕಥೆಗಳನ್ನು ಅಜ್ಜಿಯಂದಿರು ಎಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಕೇಳಿದ ಮಗು ಆ ಸರಪಳಿಗೆ ತಾನೂ ಒಂದು ಕೊಂಡಿಯನ್ನು ಸೇರಿಸಬಲ್ಲದು. ಹಾಗೆ ಸೇರಿಸಿದ ಕ್ಷಣದಲ್ಲಿ ಅದು ಕಥೆಗಾರನಾಗುತ್ತದೆ. ಹೊರನಾಡಿನ ವಸ್ತುವನ್ನೂ ಅವರು ದೂರವಿಡಲಿಲ್ಲ. ಬ್ರೌನಿಂಗ್ ಕವಿ ಹಾಡಿದ ಜರ್ಮನಿಯ ಕಿಂದರಿಯವನ ಕಥೆ ಅವರ ಕೈಯಲ್ಲಿ ನಮ್ಮ ಊರಿನ ಇಲಿಗಳ ಕಥೆಯಾಯಿತು.

ಆದರೆ ಪುತ್ತೂರು, ಸುಳ್ಯ, ಕಡಬಗಳ ಓದುಗರು ಮರೆಯಬಾರದ ಅವರ ಕೃತಿ ಮತ್ತೊಂದಿದೆ. ಅದು ಮಂಗಳೂರಿನ ಬಾಲಸಾಹಿತ್ಯ ಮಂಡಲದಿಂದ 1924ರಲ್ಲಿ ಹೊರಬಂದ ಕೋಟಿ ಚೆನ್ನಯ. ಪುತ್ತೂರಿನ ಬಳಿಯ ಪಡುಮಲೆಯಲ್ಲಿ ಬೆಳೆದು, ಪಂಜವನ್ನು ಹಾದು, ಎಣ್ಮೂರಿನ ಆಶ್ರಯ ಪಡೆದು, ಅಲ್ಲಿನ ಕಾಳಗದಲ್ಲಿ ಮಡಿದ ಅವಳಿ ವೀರರ ಕಥೆ ಅದು. ಆ ಕಥೆ ಅದುವರೆಗೆ ಇದ್ದುದು ತುಳು ಪಾಡ್ದನದಲ್ಲಿ, ಭೂತದ ಕಳದಲ್ಲಿ, ಗದ್ದೆಯಲ್ಲಿ ನಡು ಬಗ್ಗಿಸಿ ದುಡಿಯುವ ಹೆಂಗಸರ ಕೊರಳಲ್ಲಿ. ಕಾಲೇಜಿನಲ್ಲಿ ಪಾಠ ಹೇಳಿದ ಪಂಡಿತರು ಓದುಬರಹ ತಿಳಿಯದವರ ಆ ಕೊರಳನ್ನು ಆಲಿಸಿ ಕನ್ನಡದ ಮಕ್ಕಳ ಕೈಗೆ ಒಂದು ಪುಸ್ತಕವನ್ನಿತ್ತರು. ಹಿರಿಯರು ಬಿಟ್ಟುಬಂದ ಪಂಜಕ್ಕೆ ಅವರು ಹೀಗೆ ಲೇಖನಿಯ ಮೂಲಕ ಹಿಂದಿರುಗಿದರು.

ಇದನ್ನು ಓದುವಾಗಲೇ ಆ ಹುಡುಗನ ಪ್ರಬಂಧ ನನ್ನ ಕಣ್ಣ ಮುಂದೆ ಬಂತು. ಮಂಗೇಶರಾಯರು ಯಾವ ಪಾಡ್ದನಕ್ಕೆ ಕಿವಿಗೊಟ್ಟು ಪುಸ್ತಕ ಬರೆದರೋ ಅದೇ ಪಾಡ್ದನದ ಹೆಸರನ್ನು ನಾನು ಕೆಂಪು ಶಾಯಿಯಿಂದ ಹೊಡೆದಿದ್ದೆ.

ಮುಂದೆ ಅವರು ಕೊಡಗಿಗೆ ಹೋಗಿ ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾದರು. ಅಲ್ಲಿಯೂ ಅಷ್ಟೆ: ಆ ಜನರ ಸುಗ್ಗಿಯ ಹಬ್ಬವನ್ನು ಕಂಡು ಹುತ್ತರಿಯ ಹಾಡನ್ನು ಬರೆದರು. ಇದ್ದ ನೆಲದಿಂದಲೇ ಕಾವ್ಯವನ್ನು ಎತ್ತಿಕೊಳ್ಳುವ ಈ ಅಭ್ಯಾಸ ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಲನ ಅವರನ್ನು ಅಧ್ಯಕ್ಷರನ್ನಾಗಿ ಮಾಡಿಕೊಂಡು ಗೌರವಿಸಿತು. 1937ರ ಅಕ್ಟೋಬರ್ 25ರಂದು ದೂರದ ಹೈದರಾಬಾದಿನಲ್ಲಿ ಅವರು ತೀರಿಕೊಂಡರು. ಅಷ್ಟು ಹೊತ್ತಿಗೆ ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ ಬಾಲಪ್ರಪಂಚವನ್ನು ಹೊರತಂದಿದ್ದರು. ಹಣತೆ ಆರುವ ಮೊದಲೇ ಇನ್ನೊಂದು ಹಣತೆ ಹೊತ್ತಿಕೊಂಡಿತ್ತು.

ಮಕ್ಕಳು ಮನೆಯಲ್ಲಿ ಓದುವುದಿಲ್ಲ, ಸ್ವಂತವಾಗಿ ಬರೆಯುವುದಿಲ್ಲ ಎಂದು ನಾವು ದೂರುತ್ತೇವೆ. ಈ ಸೀಮೆಯ ಮನೆಗಳಲ್ಲಿ ತುಳುವಿದೆ, ಅರೆಭಾಷೆಯಿದೆ, ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ, ಮಲಯಾಳಗಳಿವೆ. ಪ್ರತಿಯೊಂದರಲ್ಲಿಯೂ ಕಥೆಯಿದೆ, ಒಗಟಿದೆ, ಜೋಗುಳವಿದೆ. ಮನೆಯನ್ನು ಶಾಲೆಯ ಇನ್ನೊಂದು ಕೋಣೆಯಾಗಿ ಮಾಡಿದರೆ ಅಲ್ಲಿ ಬೆಳೆಯುವುದು ಪಾಠವೊಂದೇ. ಕೇಳಿದ ಕಥೆಯನ್ನು ತನಗೆ ತಿಳಿದ ಕನ್ನಡದಲ್ಲಿ ಬರೆಯಲು ಮಗುವನ್ನು ಬಿಟ್ಟರೆ, ಮನೆಯ ಮಾತು ಕನ್ನಡಕ್ಕೆ ತೊಡಕಾಗದೆ ಗೊಬ್ಬರವಾಗುತ್ತದೆ. ಕಾಗುಣಿತವನ್ನು ಆಮೇಲೆ ತಿದ್ದಬಹುದು. ಬರೆಯುವ ಆಸೆ ಒಮ್ಮೆ ಸತ್ತರೆ ಅದನ್ನು ತಿದ್ದಿ ಬದುಕಿಸಲಾಗದು.

ಮುಂದಿನ ವರ್ಷಗಳಲ್ಲಿ ನಾನು ಮಕ್ಕಳಿಗೆ ಅಂಕವಿಲ್ಲದ ಒಂದು ನೋಟುಪುಸ್ತಕವನ್ನು ಇಡಿಸಿದೆ. ಅದನ್ನು ಮನೆಯಲ್ಲಿ ಬರೆಯಬೇಕು, ಮನೆಯವರಿಗೆ ಮೊದಲು ಓದಿ ಹೇಳಬೇಕು, ಬಳಿಕ ನನಗೆ ತೋರಿಸಬೇಕು. ನಾನು ಅದನ್ನು ಕೆಂಪು ಶಾಯಿಯಿಲ್ಲದೆ ಓದುತ್ತಿದ್ದೆ. ಎಷ್ಟೋ ಮಕ್ಕಳ ಅಜ್ಜಿಯಂದಿರು ಆ ಪುಟಗಳಲ್ಲಿ ನೇಜಿ ನೆಟ್ಟರು, ಪಾಡ್ದನ ಹೇಳಿದರು. ಆ ಒಬ್ಬ ಹುಡುಗನ ಅಜ್ಜಿ ಮಾತ್ರ ಬರಲಿಲ್ಲ. ಅವನು ಅದಕ್ಕೆ ಮೊದಲೇ ಶಾಲೆ ಬಿಟ್ಟು ಹೋಗಿದ್ದ.