ಅನಾತೋಲ್ ಮಾಲೇ

ಅನಾತೋಲ್ ಮಾಲೇ (1837–1919) ಸ್ವಿಟ್ಜರ್ಲೆಂಡ್ ಮೂಲದ ಎಂಜಿನಿಯರ್. ಒಂದೇ ಉಗಿಯನ್ನು ಎರಡು ಬಾರಿ ದುಡಿಸಿಕೊಳ್ಳುವ ಸಂಯುಕ್ತ ವಿಧಾನವನ್ನು ರೈಲು ಎಂಜಿನ್‌ಗೆ ಯಶಸ್ವಿಯಾಗಿ ಅಳವಡಿಸಿದ ಮೊದಲಿಗರು ಇವರು. ಕಡಿದಾದ ತಿರುವುಗಳಿರುವ ಸಣ್ಣ ಹಳಿಗಳಿಗಾಗಿ ಇವರು ರೂಪಿಸಿದ ಕೀಲುಳ್ಳ ಎಂಜಿನ್, ಮುಂದೆ ಅಮೆರಿಕದ ಭಾರೀ ಗೂಡ್ಸ್ ಎಂಜಿನ್‌ಗಳಿಗೆ ತಳಹದಿಯಾಯಿತು.

ಆರಂಭಿಕ ಜೀವನ

ಮಾಲೇ ಜಿನೀವಾ ನಗರದ ಸಮೀಪ ಜನಿಸಿದರು. ಅವರು ಚಿಕ್ಕವರಿರುವಾಗಲೇ ಕುಟುಂಬವು ಫ್ರಾನ್ಸಿನ ನಾರ್ಮಂಡಿಗೆ ಹೋಗಿ ನೆಲೆಸಿತು. ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ವಿದ್ಯಾಸಂಸ್ಥೆಯಲ್ಲಿ ಎಂಜಿನಿಯರಿಂಗ್ ಶಿಕ್ಷಣ ಮುಗಿಸಿ, ಕೆಲಕಾಲ ಸೂಯೆಜ್ ಕಾಲುವೆಯ ಕಾಮಗಾರಿಯಲ್ಲಿ ತೊಡಗಿದ್ದರು. ಅನಂತರ ಅವರ ಗಮನ ಉಗಿ ಎಂಜಿನ್‌ಗಳ ಕಡೆಗೆ ತಿರುಗಿತು.

ಸಂಯುಕ್ತ ಎಂಜಿನ್

ಸಾಮಾನ್ಯ ಉಗಿ ಎಂಜಿನ್‌ನಲ್ಲಿ ಸಿಲಿಂಡರಿನಿಂದ ಹೊರಬರುವ ಉಗಿಯಲ್ಲಿ ಇನ್ನೂ ಶಕ್ತಿ ಉಳಿದಿರುತ್ತದೆ. ಅದು ಚಿಮಣಿಯ ಮೂಲಕ ವ್ಯರ್ಥವಾಗುತ್ತದೆ. ಆ ಉಗಿಯನ್ನು ಇನ್ನೊಂದು ದೊಡ್ಡ ಸಿಲಿಂಡರಿಗೆ ಹಾಯಿಸಿದರೆ ಅಷ್ಟೇ ಕಲ್ಲಿದ್ದಲಿನಿಂದ ಹೆಚ್ಚು ಕೆಲಸ ತೆಗೆಯಬಹುದು. ಹಡಗುಗಳಲ್ಲಿ ಈ ವಿಧಾನ ಆಗಲೇ ಬಳಕೆಯಲ್ಲಿತ್ತು. ಮಾಲೇ 1874ರಲ್ಲಿ ಇದನ್ನು ರೈಲು ಎಂಜಿನ್‌ಗೆ ಒಗ್ಗಿಸಿ ಹಕ್ಕುಪತ್ರ ಪಡೆದರು. 1876ರಲ್ಲಿ ಫ್ರಾನ್ಸಿನ ಬಾಯೋನ್–ಬಿಯಾರಿಟ್ಸ್ ಮಾರ್ಗದಲ್ಲಿ ಇಂತಹ ಎಂಜಿನ್‌ಗಳು ಓಡಿದವು. ಮೆಟ್ಟುಪಾಳಯಂನಿಂದ ಊಟಿಗೆ ಏರುವ ನೀಲಗಿರಿ ರೈಲಿನ ಉಗಿ ಎಂಜಿನ್‌ಗಳು ಮಾಲೇ ಮಾದರಿಯವಲ್ಲ. ಆದರೂ ಹಲ್ಲುಹಳಿಯ ಏರಿನಲ್ಲಿ ಅವು ಬಳಸುವುದು ಇದೇ ತತ್ತ್ವವನ್ನು.

ಕೀಲುಳ್ಳ ಎಂಜಿನ್

ಹೆಚ್ಚು ಭಾರ ಎಳೆಯಲು ಹೆಚ್ಚು ಚಕ್ರಗಳು ಬೇಕು. ಆದರೆ ಉದ್ದನೆಯ ಗಟ್ಟಿ ಚೌಕಟ್ಟಿನ ಎಂಜಿನ್ ತಿರುವಿನಲ್ಲಿ ಹಳಿಗೆ ಹೊಂದಿಕೊಳ್ಳದು. 1884ರಲ್ಲಿ ಮಾಲೇ ಚಕ್ರಗಳನ್ನು ಎರಡು ಗುಂಪಾಗಿ ವಿಂಗಡಿಸಿದರು. ಹಿಂದಿನ ಗುಂಪು ಬಾಯ್ಲರಿಗೆ ಬಿಗಿಯಾಗಿ ಸೇರಿರುತ್ತದೆ. ಮುಂದಿನದು ಕೀಲಿನ ಮೇಲೆ ಎಡಬಲಕ್ಕೆ ಹೊರಳುತ್ತದೆ. ಅಧಿಕ ಒತ್ತಡದ ಉಗಿ ಹಿಂದಿನ ಸಿಲಿಂಡರುಗಳಲ್ಲಿ ದುಡಿದ ಮೇಲೆಯೇ ಮುಂದಿನವಕ್ಕೆ ಹೋಗುತ್ತದೆ. ಹೀಗಾಗಿ ಬಾಗಬೇಕಾದ ಕೊಳವೆಯಲ್ಲಿ ಕಡಿಮೆ ಒತ್ತಡದ ಉಗಿ ಮಾತ್ರ ಹರಿದು, ಸೋರಿಕೆಯ ತೊಂದರೆ ತಗ್ಗಿತು. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಹಾಕಲಾಗಿದ್ದ ಕೇವಲ 600 ಮಿಲಿಮೀಟರ್ ಅಗಲದ ಹಳಿಯ ಮೇಲೆ ಈ ಎಂಜಿನ್‌ಗಳನ್ನು ಜನರು ಕಂಡರು.

ಅಮೆರಿಕದಲ್ಲಿ

ಅಮೆರಿಕದ ರೈಲು ಕಂಪನಿಗಳಿಗೆ ಕಲ್ಲಿದ್ದಲು ತುಂಬಿದ ಉದ್ದನೆಯ ಗೂಡ್ಸ್ ರೈಲುಗಳನ್ನು ಬೆಟ್ಟ ದಾಟಿಸಬೇಕಾಗಿತ್ತು. 1904ರಲ್ಲಿ ಬಾಲ್ಟಿಮೋರ್ ಮತ್ತು ಒಹಾಯೊ ರೈಲ್ವೆಯು ಅಲ್ಲಿನ ಮೊದಲ ಮಾಲೇ ಎಂಜಿನ್ನನ್ನು ತರಿಸಿಕೊಂಡಿತು. ಸುಮಾರು 150 ಟನ್ ತೂಕದ ಈ ಎಂಜಿನ್, ಆ ಕಾಲದ ವ್ಯಂಗ್ಯಚಿತ್ರವೊಂದರ ಹೇಸರಗತ್ತೆಯ ನೆನಪಿನಲ್ಲಿ 'ಓಲ್ಡ್ ಮಾಡ್' ಎಂಬ ಅಡ್ಡಹೆಸರು ಪಡೆಯಿತು. ಏರುಹಾದಿಯಲ್ಲಿ ರೈಲುಗಳನ್ನು ಹಿಂದಿನಿಂದ ತಳ್ಳುವುದು ಅದರ ಕೆಲಸವಾಗಿತ್ತು. 1918ರಲ್ಲಿ ವರ್ಜಿನಿಯನ್ ರೈಲ್ವೆಗೆ ಬಂದ ಎಂಜಿನ್‌ಗಳ ಮುಂದಿನ ಸಿಲಿಂಡರುಗಳ ವ್ಯಾಸ 48 ಅಂಗುಲ, ಅಂದರೆ 4 ಅಡಿ ಇತ್ತು.

ಮರುವರ್ಷ, 1919ರಲ್ಲಿ, ಮಾಲೇ ಫ್ರಾನ್ಸಿನ ನೀಸ್ ನಗರದಲ್ಲಿ ನಿಧನರಾದರು.

ಪರಂಪರೆ

ಇಷ್ಟು ದೊಡ್ಡ ಸಿಲಿಂಡರುಗಳ ಎಂಜಿನ್‌ಗಳು ಬಲಶಾಲಿಯಾಗಿದ್ದರೂ ನಿಧಾನಗತಿಯವು. ವೇಗದ ಅಗತ್ಯ ಹೆಚ್ಚಿದಂತೆ, 1920ರ ದಶಕದಿಂದ ಅಮೆರಿಕದ ಅನೇಕ ಕಂಪನಿಗಳು ಕೀಲನ್ನು ಉಳಿಸಿಕೊಂಡು ಸಂಯುಕ್ತ ವಿಧಾನವನ್ನು ಕೈಬಿಟ್ಟವು. 1941ರಿಂದ ಯೂನಿಯನ್ ಪೆಸಿಫಿಕ್ ರೈಲ್ವೆಗಾಗಿ ತಯಾರಾದ 25 'ಬಿಗ್ ಬಾಯ್' ಎಂಜಿನ್‌ಗಳು ಈ ಬಗೆಯವು. ಅವನ್ನೂ ವಾಡಿಕೆಯಲ್ಲಿ ಮಾಲೇ ಎಂದು ಕರೆಯುವುದುಂಟು. ಆದರೆ ಉಗಿಯ ಉಳಿತಾಯವೆಂಬ ಮಾಲೇ ಅವರ ಮೂಲ ಉದ್ದೇಶ ಅವುಗಳಲ್ಲಿಲ್ಲ. ಆ ಉದ್ದೇಶವನ್ನು ಕೊನೆಯವರೆಗೂ ಉಳಿಸಿಕೊಂಡದ್ದು ನಾರ್ಫೋಕ್ ಮತ್ತು ವೆಸ್ಟರ್ನ್ ರೈಲ್ವೆ. ಅದು 1952ರವರೆಗೂ ಸಂಯುಕ್ತ ಮಾಲೇ ಎಂಜಿನ್‌ಗಳನ್ನು ತನ್ನ ಕಾರ್ಯಾಗಾರದಲ್ಲೇ ನಿರ್ಮಿಸಿ, ಕಲ್ಲಿದ್ದಲು ಸಾಗಣೆಗೆ ಬಳಸಿತು.