ಅಕ್ಕನ ಮದುವೆಯ ಮಾತು

ದವನದ ಹುಣ್ಣಿಮೆ ಬಂತೆಂದರೆ ನಮ್ಮ ಗಡಿಭಾಗದ ಊರುಗಳಲ್ಲಿ ತಾಯಂದಿರು ಕೂಡಿ ಅಕ್ಕಮಹಾದೇವಿಯ ತೊಟ್ಟಿಲು ಕಟ್ಟುತ್ತಾರೆ, ಹೆಸರಿಡುತ್ತಾರೆ, ಜೋಗುಳ ಹಾಡುತ್ತಾರೆ. ಅಕ್ಕನ ಜಯಂತಿ ನಮಗೆ ಹೊಸದಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಜತ್ತ ತಾಲೂಕಿನ ಒಂದು ಹಳ್ಳಿಯ ಶ್ರಾವಣ ಪುರಾಣಕ್ಕೆ ನಾವು ಹೋಗಿದ್ದಾಗ ಒಬ್ಬ ಮುದುಕಿ ಎದ್ದು ನಿಂತು ಪುರಾಣಿಕರನ್ನು ಒಂದು ಮಾತು ಕೇಳಿದಳು. ಅಕ್ಕನಿಗೆ ಮದುವೆ ಆಗಿತ್ತೋ ಇಲ್ಲವೋ ಎಂಬುದೇ ಆ ಮಾತು. ಅಂದು ಓದುತ್ತಿದ್ದುದು ಚಾಮರಸನ ಪ್ರಭುಲಿಂಗಲೀಲೆ. ಅದರಲ್ಲಿ ಅಕ್ಕ ಮದುವೆಯಾಗುವುದಿಲ್ಲ. ಆ ತಾಯಿ ತವರುಮನೆಯಲ್ಲಿ ಕೇಳಿದ ಕತೆಯಲ್ಲಾದರೋ ಮದುವೆ ಆಗಿತ್ತು. ಪುರಾಣಿಕರು ನಕ್ಕು, ನಾಳೆ ಹೇಳುತ್ತೇನೆಂದು ಆ ದಿನದ ಮಂಗಳಾರತಿ ಮಾಡಿಸಿದರು. ಆ ರಾತ್ರಿ ಅವರೊಡನೆ ಕೂತು ಆಡಿದ ಮಾತಿನ ಸಾರವನ್ನೇ ನಾವು ಇಲ್ಲಿ ಬರೆಯುತ್ತಿದ್ದೇವೆ.

ಅಕ್ಕ ಹುಟ್ಟಿದ್ದು ಹನ್ನೆರಡನೆಯ ಶತಮಾನದಲ್ಲಿ, ಉಡುತಡಿಯಲ್ಲಿ. ಇದು ಈಗಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನಲ್ಲಿದೆ. ಅಲ್ಲಮಪ್ರಭುಗಳ ಬಳ್ಳಿಗಾವಿಯೂ ಅದೇ ಸೀಮೆಯದು. ತಾಯಿತಂದೆಗಳು ಶಿವಭಕ್ತರು. ಅವರ ಹೆಸರೇನೆಂಬುದನ್ನು ಹಳೆಯ ಕವಿ ಹರಿಹರ ಹೇಳಿಲ್ಲ. ಶಿವಭಕ್ತ, ಶಿವಭಕ್ತೆ ಎಂದಷ್ಟೇ ಕರೆದಿದ್ದಾನೆ. ನಿರ್ಮಲಶೆಟ್ಟಿ, ಸುಮತಿ ಎಂಬ ಹೆಸರುಗಳು ಮುಂದಿನ ಪುರಾಣಗಳ ದಾರಿಯಲ್ಲಿ ಬಂದವು. ಚಿಕ್ಕಂದಿನಲ್ಲೇ ಗುರುವಿನಿಂದ ಲಿಂಗದೀಕ್ಷೆಯಾಯಿತು. ಅಂದಿನಿಂದ ಆಕೆಯ ಮನಸ್ಸು ಚೆನ್ನಮಲ್ಲಿಕಾರ್ಜುನನಲ್ಲಿ ನೆಟ್ಟಿತು. ಆತನೇ ತನ್ನ ಗಂಡನೆಂದು ನಿಶ್ಚಯಿಸಿಕೊಂಡಳು. ಆ ಹೆಸರೇ ಆಕೆಯ ವಚನಗಳ ಅಂಕಿತವೂ ಆಯಿತು.

ಊರನ್ನು ಆಳುತ್ತಿದ್ದ ದೊರೆ ಕೌಶಿಕ. ಅವನು ಶಿವಭಕ್ತನಲ್ಲ, ಭವಿ. ಒಂದು ದಿನ ಸವಾರಿ ಹೊರಟಾಗ ಮನೆಯ ಮುಂದೆ ನಿಂತಿದ್ದ ಮಹಾದೇವಿಯನ್ನು ಕಂಡು ಮರುಳಾದ. ಅರಮನೆಯಿಂದ ಮಂತ್ರಿಗಳು ಕನ್ಯೆ ಕೇಳಲು ಬಂದರು. ಕೇಳಲು ಬಂದರು ಎನ್ನುವುದು ನಮ್ಮ ಮರ್ಯಾದೆಯ ಮಾತು. ಕೊಡದಿದ್ದರೆ ತಾಯಿತಂದೆಯರ ಜೀವಕ್ಕೇ ಕುತ್ತು ಎಂಬುದು ಅವರ ಮಾತಿನ ಒಳಗಿತ್ತು. ಸಾಮಾನ್ಯ ಒಕ್ಕಲು ಮನೆಗೆ ದೊರೆಯ ಮನೆಯಿಂದ ಬೀಗತನ ಬಂದರೆ ಆ ಮನೆಯವರ ಗತಿ ಏನಾದೀತು ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ತಂದೆತಾಯಿ ಹೆದರಿದರು. ಮಗಳಿಗೆ ಬುದ್ಧಿ ಹೇಳಿದರು, ಅತ್ತರು.

ಇಲ್ಲಿಗೆ ಬಂದಾಗ ಕವಿಗಳ ದಾರಿ ಕವಲೊಡೆಯುತ್ತದೆ.

ಹಂಪೆಯ ಹರಿಹರ ಕಾಲದಲ್ಲಿ ಅಕ್ಕನಿಗೆ ಹತ್ತಿರದವನು. ಅವನ ಮಹಾದೇವಿಯಕ್ಕನ ರಗಳೆಯಲ್ಲಿ ಅಕ್ಕ ಮದುವೆಗೆ ಒಪ್ಪುತ್ತಾಳೆ, ಆದರೆ ಕರಾರು ಹಾಕಿ ಒಪ್ಪುತ್ತಾಳೆ. ತನಗೆ ಬೇಕಾದಂತೆ ಲಿಂಗಪೂಜೆ ಮಾಡುವುದು, ಬೇಕಾದಂತೆ ಮಾಹೇಶ್ವರರ ಸಂಗದಲ್ಲಿ ಇರುವುದು, ಬೇಕಾದಂತೆ ಗುರುಸೇವೆ ಮಾಡುವುದು. ಇವಕ್ಕೆ ಅಡ್ಡಬಂದರೆ ಮೂರು ತಪ್ಪಿನ ತನಕ ತಾಳಿಕೊಳ್ಳುವೆ, ಆಮೇಲೆ ಇರಲಾರೆ ಎಂದು. ಕೌಶಿಕ ಒಪ್ಪಿದ. ಮದುವೆಯಾಯಿತು. ಹಗಲು ಪೂಜೆ, ದಾಸೋಹ. ರಾತ್ರಿ ಅರಮನೆಯ ಸಂಸಾರ. ಒಂದೊಂದಾಗಿ ಮೂರೂ ಮಾತು ಮುರಿದವು. ಮೂರನೆಯದು ಮುರಿದ ದಿನವೇ ಅಕ್ಕ ಹೊರಟಳು. ಅರಮನೆಯ ವಸ್ತ್ರ, ಒಡವೆ ಎಲ್ಲವನ್ನೂ ಅಲ್ಲೇ ಬಿಟ್ಟಳು.

ಚಾಮರಸ ಬಂದದ್ದು ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ. ಅವನಿಗೆ ಈ ಮದುವೆ ಒಪ್ಪಿಗೆಯಾಗಲಿಲ್ಲ. ಶಿವನನ್ನೇ ಗಂಡನೆಂದವಳು ಭವಿಯ ಹಾಸಿಗೆ ಹಂಚಿಕೊಂಡಳೆಂದು ಹೇಳುವುದಕ್ಕೆ ಅವನ ಕಾಲದ ಭಕ್ತಿ ಹಿಂಜರಿದಿರಬೇಕು ಎಂಬುದು ನಮ್ಮ ಊಹೆ. ಅವನ ಕಾವ್ಯದಲ್ಲಿ ಅಕ್ಕ ಕರಾರಿನ ಮೇಲೆ ಅರಮನೆಗೆ ಹೋಗುತ್ತಾಳೆ, ಮದುವೆಯಾಗುವುದಿಲ್ಲ, ಕರಾರು ಮುರಿದಾಗ ಕನ್ಯೆಯಾಗಿಯೇ ಹೊರಡುತ್ತಾಳೆ. ಈ ಕಾವ್ಯ ಪಿಡುಪರ್ತಿ ಸೋಮನಾಥನಿಂದ ತೆಲುಗಿಗೆ ಹೋಯಿತು. ಹದಿನೇಳನೆಯ ಶತಮಾನದಲ್ಲಿ ಶಿವಪ್ರಕಾಶ ಸ್ವಾಮಿಗಳಿಂದ ತಮಿಳಿಗೆ ಹೋಯಿತು. ಆದುದರಿಂದ ಆದವಾನಿ, ರಾಯದುರ್ಗದ ಕಡೆಯಲ್ಲಿಯೂ ತಾಳವಾಡಿ, ಹೊಸೂರಿನ ಕಡೆಯಲ್ಲಿಯೂ ನೆರೆಯ ಭಾಷೆಯಲ್ಲಿ ಅಕ್ಕನ ಕತೆ ಕೇಳಿದವರಿಗೆ ಮದುವೆಯಾಗದ ಅಕ್ಕನೇ ಪರಿಚಯವಾಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇಬ್ಬರೂ ಕವಿಗಳು ಭಕ್ತರು, ಇಬ್ಬರೂ ಅಕ್ಕನ ಮೇಲೆ ಪ್ರಾಣ ಇಟ್ಟವರು. ಆದರೂ ಒಂದು ವಿಷಯ ಗಮನಿಸಬೇಕು. ಹೆಣ್ಣು ಮದುವೆಯಾಗಿ ಗಂಡನನ್ನು ಬಿಟ್ಟು ಹೊರಟಳು ಎಂದು ಹೇಳುವ ಧೈರ್ಯ ಹರಿಹರನಿಗಿತ್ತು. ಚಾಮರಸನ ಕಾಲಕ್ಕೆ ಆಕೆ ಬಿಟ್ಟುಹೋಗಲು ಗಂಡನೇ ಇಲ್ಲದಂತೆ ಆಯಿತು. ಮೊದಲನೆಯ ಕತೆಯಲ್ಲಿ ಹೆಂಡತಿಯೊಬ್ಬಳ ಹಕ್ಕಿನ ಪ್ರಶ್ನೆ ಇದೆ. ಎರಡನೆಯದರಲ್ಲಿ ಅದು ಮರೆಯಾಗಿ ಕನ್ಯೆಯ ಪಾವಿತ್ರ್ಯ ಮುಂದೆ ಬಂದಿದೆ. ಇನ್ನೊಂದು ಸಂಗತಿಯಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಅಕ್ಕನನ್ನು ದೇವಲೋಕದಿಂದ ಇಳಿದು ಬಂದವಳನ್ನಾಗಿ ಇಬ್ಬರೂ ಮಾಡಿದ್ದಾರೆ. ಇದು ಗೌರವವೇ ಹೌದು. ಆದರೆ ಆಕೆ ಮೇಲಿನಿಂದ ಬಂದವಳಾದರೆ, ಆಕೆಯ ಹಾಗೆ ಒಲ್ಲೆ ಎನ್ನುವ ಹಕ್ಕು ನೆರೆಮನೆಯ ಹುಡುಗಿಗೆ ಇಲ್ಲ ಎಂದೂ ಆಗಿಬಿಡುತ್ತದೆ. ನಾವೆಲ್ಲ ಹೆಣ್ಣುಮಕ್ಕಳಿಗೆ ಮಹಾದೇವಿ ಎಂದು ಹೆಸರಿಡುತ್ತೇವೆ. ಆ ಮಹಾದೇವಿ ಇಪ್ಪತ್ತು ವರ್ಷದವಳಾಗಿ ಈ ವರ ಬೇಡ ಅಂದರೆ, ನಿನ್ನ ಕರಾರು ಏನವ್ವಾ ಎಂದು ಕೇಳುವ ಅಪ್ಪಂದಿರು ನಮ್ಮ ಅಡತಿ ಅಂಗಡಿಗಳ ಸಾಲಿನಲ್ಲಿ ಎಷ್ಟು ಮಂದಿ ಇದ್ದಾರು?

ಅಕ್ಕನ ವಚನಗಳೇ ಏನು ಹೇಳುತ್ತವೆ ಎಂದು ಕೇಳಬಹುದು. ನಾಲ್ಕು ನೂರಕ್ಕೂ ಹೆಚ್ಚು ವಚನಗಳು ಸಿಕ್ಕಿವೆ, ಯೋಗಾಂಗ ತ್ರಿವಿಧಿ ಎಂಬುದೊಂದು ಬೇರೆ ಇದೆ. ಅವುಗಳಲ್ಲಿ ಗಂಡ, ಅತ್ತೆ, ಮಾವ, ಮೈದುನ, ನೆಂಟರಿಷ್ಟರು ಎಲ್ಲರೂ ಬರುತ್ತಾರೆ. ಸಂಸಾರದ ಕಾಟ ಬಲ್ಲವಳ ಮಾತಿನಂತೆಯೇ ಬರುತ್ತಾರೆ. ಮದುವೆಯಾಗಿತ್ತು ಎನ್ನುವ ವಿದ್ವಾಂಸರು ಇವನ್ನೇ ಸಾಕ್ಷಿ ಮಾಡಿದರು. ಇವೆಲ್ಲ ಮಾಯೆಗೂ ಇಂದ್ರಿಯಗಳಿಗೂ ಇಟ್ಟ ಹೆಸರುಗಳು, ಮನೆಯವರಲ್ಲ ಎಂದು ಬೇರೆಯವರು ವಾದಿಸಿದರು. ಎರಡೂ ಕಡೆ ಬಲವಿದೆ. ನಮಗೆ ಕಾಣುವುದಿಷ್ಟು: ಸಾಯುವ ಗಂಡ ತನಗೆ ಬೇಡ, ಸಾವಿಲ್ಲದವನೇ ಗಂಡ ಎಂದು ಆಕೆ ಹೇಳುವಾಗಲೂ ಆಡುವುದು ಮದುವೆಯ ಮಾತನ್ನೇ. ಮದುವೆಯ ಕಟ್ಟು ಒಡೆಯುವುದಕ್ಕೆ ಮದುವೆಯ ಭಾಷೆಯನ್ನೇ ಹತಾರ ಮಾಡಿಕೊಂಡಳು. ಅಡುಗೆಮನೆ, ತೊಟ್ಟಿಲು, ಬೀಗತನ ಇವುಗಳ ನಡುವೆ ಬೆಳೆದ ಹೆಣ್ಣಿಗೆ ಬೇರೆ ಯಾವ ಭಾಷೆ ಕೈಗೆ ಸಿಗುತ್ತಿತ್ತು?

ಉಡುತಡಿಯಿಂದ ಅಕ್ಕ ಎಲ್ಲಿಗೆ ಹೋದಳು? ಹರಿಹರ ನೇರವಾಗಿ ಶ್ರೀಶೈಲಕ್ಕೆ ಕರೆದೊಯ್ಯುತ್ತಾನೆ. ಅಲ್ಲಿಗೆ ತಾಯಿತಂದೆ ಹುಡುಕಿಕೊಂಡು ಬರುತ್ತಾರೆ. ಕೌಶಿಕನೂ ಭಕ್ತನ ವೇಷ ಹಾಕಿಕೊಂಡು ಬರುತ್ತಾನೆ. ಯಾರ ಮಾತಿಗೂ ಆಕೆ ತಿರುಗಿ ಹೋಗುವುದಿಲ್ಲ. ಕಲ್ಯಾಣದ ಪ್ರಸಂಗ ಅವನಲ್ಲಿ ಇಲ್ಲ. ಅದನ್ನು ನಮಗೆ ಕೊಟ್ಟದ್ದು ಚಾಮರಸ ಮತ್ತು ಶೂನ್ಯಸಂಪಾದನೆ. ಚಾಮರಸನ ಕಾಲದಲ್ಲೇ ಶಿವಗಣಪ್ರಸಾದಿ ಮಹಾದೇವಯ್ಯ ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿ ಮೊದಲ ಶೂನ್ಯಸಂಪಾದನೆ ಮಾಡಿದರು.

ಅದರಲ್ಲಿ ಅಕ್ಕ ಕಲ್ಯಾಣಕ್ಕೆ ಬರುವ ಭಾಗ ಓದಿದಷ್ಟೂ ಹೊಸದು. ತಲೆಗೂದಲೇ ಹೊದಿಕೆ, ಬೇರೆ ಬಟ್ಟೆಯಿಲ್ಲ. ಕಿನ್ನರಿ ಬೊಮ್ಮಯ್ಯ ಆಕೆಯನ್ನು ಪರೀಕ್ಷಿಸುತ್ತಾನೆ, ಸೋಲುತ್ತಾನೆ. ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಇನ್ನೂ ಕಠಿಣವಾಗಿ ಕೇಳುತ್ತಾರೆ. ತುಂಬು ಹರೆಯದ ಹೆಣ್ಣು ಇಲ್ಲಿಗೇಕೆ ಬಂದೆ, ನಿನ್ನ ಗಂಡ ಯಾರು ಎಂದು. ಆಕೆ ಅಳುಕುವುದಿಲ್ಲ. ಎಲ್ಲ ಬಿಟ್ಟವಳಿಗೆ ಕೂದಲಿನ ಮರೆ ಯಾಕೆ ಎಂಬ ಪ್ರಶ್ನೆ ಬಂದಾಗ ಆಕೆ ಕೊಟ್ಟ ಉತ್ತರದ ಭಾವ ಇದು: ಈ ಮರೆ ತನ್ನ ನಾಚಿಕೆಗಾಗಿ ಇಟ್ಟುಕೊಂಡದ್ದಲ್ಲ, ನೋಡುವವರಿಗೆ ನೋವಾದೀತೆಂದು ಇಟ್ಟುಕೊಂಡದ್ದು. ದೋಷ ನೋಡುವ ಕಣ್ಣಿನದು, ದೇಹದ್ದಲ್ಲ ಎಂದು ಇಷ್ಟು ಶಾಂತವಾಗಿ ಆಕೆ ತಿಳಿಸಿದ್ದು ಗಂಡಸರು ತುಂಬಿದ ಸಭೆಯಲ್ಲಿ. ಕೊನೆಗೆ ಶರಣರೆಲ್ಲ ಒಪ್ಪಿಕೊಂಡರು. ವಯಸ್ಸಿನಲ್ಲಿ ಕಿರಿಯಳಾದರೂ ಬಸವಣ್ಣನವರು, ಚೆನ್ನಬಸವಣ್ಣನವರು ಮೊದಲಾಗಿ ಎಲ್ಲರಿಗೂ ಅಕ್ಕನಾದಳು. ಅಂದಿನಿಂದ ಇಂದಿನವರೆಗೆ ಲೋಕಕ್ಕೇ ಅಕ್ಕ.

ವಚನ ಬರೆದ ಶರಣೆಯರು ಮೂವತ್ತಕ್ಕೂ ಹೆಚ್ಚು ಇದ್ದಾರೆ. ನೀಲಾಂಬಿಕೆ, ಗಂಗಾಂಬಿಕೆ, ಗಂಡನಿಗೇ ಬುದ್ಧಿ ಹೇಳಿದ ಆಯ್ದಕ್ಕಿ ಲಕ್ಕಮ್ಮ ಮುಂತಾದವರು ಸಂಸಾರದೊಳಗೇ ನಿಂತು ದೊಡ್ಡವರಾದರು. ಅವರನ್ನು ಹೊಗಳಲು ಯಾರಿಗೂ ತೊಡಕಿರಲಿಲ್ಲ. ತೊಡಕಾದದ್ದು ಹೊಸ್ತಿಲು ದಾಟಿದವಳ ವಿಷಯದಲ್ಲಿ.

ನಮ್ಮ ಕಾಲದವರೂ ಆಕೆಯನ್ನು ತಿದ್ದದೆ ಬಿಟ್ಟಿಲ್ಲ. ಮನೆಮನೆಯ ಗೋಡೆಯ ಮೇಲಿರುವ ಪಟವನ್ನೇ ನೋಡಿರಿ. ಕೈಯಲ್ಲಿ ಲಿಂಗ, ಮೊಗದಲ್ಲಿ ಶಾಂತಿ, ಮೈತುಂಬ ಬಿಳಿಯ ಸೀರೆ ಇಲ್ಲವೆ ಹಿಮ್ಮಡಿಯವರೆಗೆ ಇಳಿದ ಕೂದಲು. ಚಿತ್ರಕಾರನಿಗೆ ನಮ್ಮ ಮನೆಯ ಪಡಸಾಲೆಯ ಸಂಕೋಚ ಗೊತ್ತು. ನಾವೂ ಅದನ್ನೇ ಕೊಂಡು ತರುತ್ತೇವೆ, ಕೈ ಮುಗಿಯುತ್ತೇವೆ. ತಪ್ಪೆಂದು ಹೇಳುತ್ತಿಲ್ಲ. ಪಟವೂ ಒಂದು ಪುರಾಣವೇ.

ಇನ್ನೊಂದು ಕಡೆ, ಆಕೆಯ ಮಾತು ಆಕೆಯ ಬಾಯಿಂದಲೇ ಜನಕ್ಕೆ ಸಿಗುವ ಹಾಗಾಯಿತು. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ತಾಡೋಲೆಗಳನ್ನು ಹುಡುಕಿ 1923ರಲ್ಲಿ ವಚನಶಾಸ್ತ್ರಸಾರ ಪ್ರಕಟಿಸಿದರು; ಮುದ್ರಣಕ್ಕಾಗಿ ಮನೆಯನ್ನೇ ಮಾರಿದರು. ನಮ್ಮ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ವಚನಗಳನ್ನು ಮರಾಠಿಗೆ ಕೊಟ್ಟರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠವೇರಿದ ಮೊದಲ ಮಹಿಳೆ ಅವರೇ. 1973ರಲ್ಲಿ ಎ. ಕೆ. ರಾಮಾನುಜನ್ ಅವರ ಅನುವಾದದಿಂದ ಇಂಗ್ಲಿಷ್ ಓದುವ ಲೋಕಕ್ಕೂ ಅಕ್ಕ ಪರಿಚಯವಾದಳು. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಆಕೆಯ ಹೆಸರಿಟ್ಟರು.

ಕಲ್ಯಾಣದಿಂದ ಅಕ್ಕ ಶ್ರೀಶೈಲದ ಕದಳಿಗೆ ಹೋದಳು, ಅಲ್ಲೇ ಚಿಕ್ಕ ವಯಸ್ಸಿನಲ್ಲಿ ಲಿಂಗೈಕ್ಯಳಾದಳು. ಯುಗಾದಿಗೆ ಪಾದಯಾತ್ರೆ ಹೋಗುವ ನಮ್ಮ ಕಡೆಯ ಮಂದಿ ಭ್ರಮರಾಂಬೆಯನ್ನು ಮನೆಮಗಳೆಂದೂ ಮಲ್ಲಯ್ಯನನ್ನು ಅಳಿಯನೆಂದೂ ಬಗೆದು ಸೀರೆ ಕುಬಸ ಒಯ್ಯುತ್ತಾರೆ. ಅದೇ ಮಲ್ಲಯ್ಯನನ್ನು ಗಂಡನೆಂದು ನಂಬಿ, ಉಟ್ಟ ಸೀರೆಯನ್ನೂ ಬಿಟ್ಟು ಅದೇ ಬೆಟ್ಟ ಹತ್ತಿದವಳ ಗುಹೆ ಅಲ್ಲಿಂದ ದೂರವಿಲ್ಲ. ಕೃಷ್ಣೆಯ ಹಿನ್ನೀರಿನಲ್ಲಿ ದೋಣಿಯ ಮೇಲೆ ಹೋಗಬೇಕು. ಒಳಗೆ ಕತ್ತಲೆ, ಬಗ್ಗಿ ನಡೆಯಬೇಕು. ಕೊನೆಗೆ ಒಂದು ಲಿಂಗ, ಒಂದು ದೀಪ.

ಜತ್ತದ ಆ ಪುರಾಣದ ಮಾತು ಬಿಟ್ಟೆವು. ಮರುದಿನ ಪುರಾಣಿಕರು ಹರಿಹರನ ಕತೆಯನ್ನೂ ಚಾಮರಸನ ಕತೆಯನ್ನೂ ಒಂದರ ಬಳಿಕ ಒಂದು ಹೇಳಿದರು. ಗಂಡಸರ ಸಾಲಿನಲ್ಲಿ ಚಾಮರಸನಿಗೆ ತಲೆಯಾಡಿಸಿದವರು ಹೆಚ್ಚು. ಹೆಂಗಸರ ಕಡೆಯಿಂದ, ಆ ಮೂರು ಕರಾರು ಯಾವುವು, ಇನ್ನೊಮ್ಮೆ ಹೇಳ್ರಿ ಅಪ್ಪಾರ ಎಂಬ ಕೂಗು ಬಂತು. ಅವರು ಇನ್ನೊಮ್ಮೆ ಹೇಳಿದರು. ಆ ವರ್ಷ ಪುರಾಣದ ಮಂಗಳ ಒಂದು ದಿನ ಮುಂದೆ ಹೋಯಿತು.