ಮಾತುಗಳಿಗೆ ಲೆಡ್ಜರ್ ಬರೆದ ಡಾಕ್ಟರು

ಕಳೆದ ಕಿರುಪರೀಕ್ಷೆಯ ಇಂಗ್ಲಿಷ್ ಪತ್ರಿಕೆ ವಾಪಸ್ ಬಂದಾಗ ನನ್ನ ಪ್ರಬಂಧದ ಒಂದೇ ಪುಟದಲ್ಲಿ ಒಂಬತ್ತು ಕೆಂಪು ಸುತ್ತುಗಳಿದ್ದವು. ಯಾವುದೂ ಸ್ಪೆಲ್ಲಿಂಗ್ ತಪ್ಪಲ್ಲ. ಒಂಬತ್ತು ಸುತ್ತಿನೊಳಗೂ ಇದ್ದದ್ದು ಒಂದೇ ಮಾತು, 'ಐ ಥಿಂಕ್'. ನನ್ನ ಅಭಿಪ್ರಾಯ ಹೇಳಲು ನನಗೆ ಬೇರೆ ಮಾತೇ ಗೊತ್ತಿರಲಿಲ್ಲ. ಮನೆಯಲ್ಲಿ ಉರ್ದು, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಈಗ ಕಾಮರ್ಸ್ ಪೂರ್ತಿ ಇಂಗ್ಲಿಷಿನಲ್ಲಿ. ಹೇಳಬೇಕಾದ್ದು ತಲೆಯಲ್ಲಿರುತ್ತದೆ, ಮಾತು ಸಿಗುವುದಿಲ್ಲ. ಮೇಡಂ ಬೈಯಲಿಲ್ಲ. ಲೈಬ್ರರಿಗೆ ಹೋಗಿ ಥೆಸಾರಸ್ ನೋಡು ಎಂದರು.

ಆ ದಪ್ಪ ಪುಸ್ತಕದ ಮೇಲೆ ರೋಜೆ ಎಂಬ ಹೆಸರಿತ್ತು. ಯಾರೋ ದೊಡ್ಡ ಇಂಗ್ಲಿಷ್ ಪ್ರೊಫೆಸರ್ ಇರಬೇಕು ಅಂದುಕೊಂಡೆ. ಓದಿ ನೋಡಿದರೆ ಅವರು ಡಾಕ್ಟರು!

ಪೀಟರ್ ಮಾರ್ಕ್ ರೋಜೆ ಹುಟ್ಟಿದ್ದು 1779ರ ಜನವರಿ 18ರಂದು, ಲಂಡನ್ನಿನಲ್ಲಿ. ತಂದೆ ಸ್ವಿಟ್ಜರ್ಲೆಂಡಿನ ಜಿನೀವಾದಿಂದ ಬಂದ ಪಾದ್ರಿ. ತಾಯಿಯ ಮನೆತನವೂ ಫ್ರೆಂಚ್ ಮೂಲದ್ದು. ಪೀಟರ್ ನಾಲ್ಕು ವರ್ಷದವನಿದ್ದಾಗಲೇ ತಂದೆ ಕ್ಷಯರೋಗದಿಂದ ತೀರಿಕೊಂಡರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಊರಿಂದೂರಿಗೆ ಅಲೆದರು. ಹುಡುಗನಿಗೆ ಚಿಕ್ಕಂದಿನಿಂದಲೇ ನೋಟ್‌ಬುಕ್ಕಿನಲ್ಲಿ ಪದಗಳ ಪಟ್ಟಿ ಬರೆಯುವ ಅಭ್ಯಾಸ. ಓದಿನಲ್ಲಿ ಎಷ್ಟು ಚುರುಕೆಂದರೆ, 1798ರಲ್ಲಿ, ಹತ್ತೊಂಬತ್ತನೇ ವಯಸ್ಸಿಗೇ ಎಡಿನ್‌ಬರೋದಲ್ಲಿ ವೈದ್ಯಕೀಯ ಪದವಿ ಪಡೆದರು.

1803ರಲ್ಲಿ ಶ್ರೀಮಂತರೊಬ್ಬರ ಇಬ್ಬರು ಗಂಡುಮಕ್ಕಳಿಗೆ ಶಿಕ್ಷಕರಾಗಿ ಜಿನೀವಾದಲ್ಲಿದ್ದಾಗ ಇಂಗ್ಲೆಂಡಿಗೂ ಫ್ರಾನ್ಸಿಗೂ ಮತ್ತೆ ಯುದ್ಧ ಶುರುವಾಯಿತು. ಆಗ ಜಿನೀವಾ ಫ್ರಾನ್ಸಿನ ಕೈಯಲ್ಲಿತ್ತು. ಸಿಕ್ಕ ಇಂಗ್ಲಿಷರನ್ನೆಲ್ಲ ಹಿಡಿದಿಡಲು ನೆಪೋಲಿಯನ್ ಆಜ್ಞೆ ಮಾಡಿದ. ರೋಜೆ ತಮ್ಮ ತಂದೆ ಜಿನೀವಾದವರೆಂದು ದಾಖಲೆ ತೋರಿಸಿ ಪಾರಾದರು, ಆ ಇಬ್ಬರು ಹುಡುಗರನ್ನೂ ಊರು ಸೇರಿಸಿದರು.

ಮುಂದೆ ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಪಾಠ ಹೇಳಬೇಕು, ಲೇಖನ ಬರೆಯಬೇಕು. ಅಲ್ಲೇ 1805ರಲ್ಲಿ ತಮ್ಮ ಬಳಕೆಗೆಂದು ಪದಗಳ ಒಂದು ಪಟ್ಟಿ ಮಾಡಿಕೊಂಡರು. ಅದರಲ್ಲಿ ಸುಮಾರು 15,000 ಪದಗಳಿದ್ದವು. ಏಕೆ ಮಾಡಿದಿರಿ ಎಂಬುದಕ್ಕೆ ಅವರು ಮುಂದೆ ಕೊಟ್ಟ ಕಾರಣ ಓದಿ ನನಗೆ ಧೈರ್ಯ ಬಂತು. ಬರೆಯುವಾಗ ತಮಗೇ ಮಾತಿನ ಕೊರತೆಯಾಗುತ್ತಿತ್ತು, ಅದನ್ನು ತುಂಬಿಕೊಳ್ಳಲು ಮಾಡಿದ್ದೆಂದು ಅವರು ಒಪ್ಪಿಕೊಂಡಿದ್ದಾರೆ.

ಆಮೇಲೆ ಲಂಡನ್ನಿಗೆ ಹೋದರು. ಘಾತ, ಮೂಲಗಳ ಲೆಕ್ಕ ಮಾಡುವ ಹೊಸ ಬಗೆಯ ಸ್ಲೈಡ್ ರೂಲ್ ರಚಿಸಿ, 1815ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದರ ಕಾರ್ಯದರ್ಶಿಯಾಗಿದ್ದರು. ದುಃಖವೂ ಕಡಿಮೆ ಇರಲಿಲ್ಲ. 1818ರಲ್ಲಿ, ತಂದೆಯ ಜಾಗದಲ್ಲಿ ನಿಂತಿದ್ದ ಸೋದರಮಾವ ಸ್ಯಾಮ್ಯುಯೆಲ್ ರೊಮಿಲಿ ಹೆಂಡತಿ ಸತ್ತ ದುಃಖದಲ್ಲಿ ಪ್ರಾಣ ಕಳೆದುಕೊಂಡರು. ಹತ್ತಿರವೇ ಇದ್ದ ಡಾಕ್ಟರ್ ಅಳಿಯನಿಗೆ ಅವರನ್ನು ಉಳಿಸಿಕೊಳ್ಳಲಾಗಲಿಲ್ಲ. 1833ರಲ್ಲಿ ಹೆಂಡತಿ ಮೇರಿ ಕ್ಯಾನ್ಸರಿನಿಂದ ತೀರಿಕೊಂಡರು.

ಎಲ್ಲ ಹುದ್ದೆ ಬಿಟ್ಟ ಮೇಲೆ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ರೋಜೆ ಆ ಹಳೆಯ ನೋಟ್‌ಬುಕ್ ಮತ್ತೆ ತೆರೆದರು. 1852ರಲ್ಲಿ ಥೆಸಾರಸ್ ಅಚ್ಚಾಯಿತು. ಮೊದಲ ಪಟ್ಟಿಯಿಂದ ಲೆಕ್ಕ ಹಾಕಿದರೆ 47 ವರ್ಷ! ಥೆಸಾರಸ್ ಎಂದರೆ ಗ್ರೀಕ್ ಮೂಲದಲ್ಲಿ ನಿಧಿ, ಭಂಡಾರ. ನಮ್ಮ ಮನೆಯಲ್ಲೂ ಕನ್ನಡದಲ್ಲೂ ಇರುವ ಖಜಾನೆ.

ಕಾಮರ್ಸ್ ಗೆಳೆಯರಿಗೆ ಅದರ ರಚನೆ ಹೀಗೆ ಹೇಳಿದರೆ ಸುಲಭ. ಜರ್ನಲ್ಲಿನಲ್ಲಿ ನಾವು ದಿನಾಂಕದ ಕ್ರಮದಲ್ಲಿ ಬರೆಯುತ್ತೇವೆ, ಲೆಡ್ಜರಿನಲ್ಲಿ ಖಾತೆಯ ಪ್ರಕಾರ ಸೇರಿಸುತ್ತೇವೆ. ನಿಘಂಟು ಜರ್ನಲ್ಲಿನ ಹಾಗೆ, ಅಕ್ಷರದ ಕ್ರಮದಲ್ಲಿರುತ್ತದೆ. ಮಾತು ಗೊತ್ತಿದ್ದರೆ ಅರ್ಥ ಸಿಗುತ್ತದೆ. ರೋಜೆ ಬರೆದದ್ದು ಲೆಡ್ಜರ್. ಮನುಷ್ಯನ ಯೋಚನೆಗಳನ್ನೆಲ್ಲ ಆರು ದೊಡ್ಡ ವರ್ಗ, 1000 ಖಾತೆಗಳಾಗಿ ಮಾಡಿ, ಒಂದೊಂದು ಖಾತೆಯಲ್ಲಿ ಆ ಯೋಚನೆಗೆ ಬೇಕಾದ ಮಾತುಗಳನ್ನು ಕೂಡಿಸಿಟ್ಟರು. ಅರ್ಥ ಗೊತ್ತಿದ್ದರೆ ಮಾತು ಸಿಗುತ್ತದೆ. ಡೆಬಿಟ್, ಕ್ರೆಡಿಟ್ ಇದ್ದಂತೆ ವಿರುದ್ಧ ಖಾತೆಗಳು ಅಕ್ಕಪಕ್ಕ. ನಂಬಿಕೆಯ ಎದುರಿಗೆ ಸಂದೇಹ, ಒಪ್ಪಿಗೆಯ ಎದುರಿಗೆ ಭಿನ್ನಾಭಿಪ್ರಾಯ.

ನಾನು ಖುಷಿಯಿಂದ ಒಂದಷ್ಟು ಮಾತು ನಕಲು ಮಾಡಿಕೊಂಡು ಮುಂದಿನ ಪ್ರಬಂಧದಲ್ಲಿ ತುಂಬಿದೆ. ಮತ್ತೆ ಕೆಂಪು ಸುತ್ತು! ಮೊಬೈಲಿನಿಂದ ಎಲ್ಲರ ಓದೂ ಹಾಳಾಗುತ್ತದೆ ಎಂಬುದಕ್ಕೆ 'ಇಟ್ ಈಸ್ ಸರ್ಟನ್' ಎಂದು ಬರೆದಿದ್ದೆ. ನಿನಗೆ ಖಚಿತವಾಗಿ ಹೇಗೆ ಗೊತ್ತು ಎಂದು ಮೇಡಂ ಕೇಳಿದರು. ಉತ್ತರವಿರಲಿಲ್ಲ. ಅದು ನನ್ನ ಊಹೆ ಅಷ್ಟೇ.

ಆಗ ಅರ್ಥವಾಯಿತು. ಒಂದೇ ಖಾತೆಯಲ್ಲಿದ್ದರೂ ಎಲ್ಲ ಮಾತಿನ ತೂಕ ಒಂದೇ ಅಲ್ಲ. ನಮ್ಮ ಅಮ್ಮಿ 'ಯಕೀನ್' ಎನ್ನುವುದಕ್ಕೂ 'ಗುಮಾನ್' ಎನ್ನುವುದಕ್ಕೂ ಎಷ್ಟು ವ್ಯತ್ಯಾಸವಿದೆಯೆಂದು ನನಗೆ ಚಿಕ್ಕಂದಿನಿಂದ ಗೊತ್ತು. ಇಂಗ್ಲಿಷಿನಲ್ಲಿ ಮಾತ್ರ ಅದನ್ನು ಮರೆತಿದ್ದೆ. ನನಗೆ ಹಾಗೆ ತೋರಿದರೆ 'ಇಟ್ ಸೀಮ್ಸ್ ಟು ಮಿ', ಯೋಚಿಸಿ ನಿಲುವಿಗೆ ಬಂದಿದ್ದರೆ 'ಇನ್ ಮೈ ಒಪೀನಿಯನ್', ಅನುಮಾನವಿದ್ದರೆ 'ಐ ಡೌಟ್', ಸಾಕ್ಷಿ ಇದ್ದರೆ ಮಾತ್ರ 'ಸರ್ಟನ್'. ನಾನೆಷ್ಟು ನಂಬಿದ್ದೇನೆ ಎಂದು ಮೊದಲು ನನ್ನನ್ನೇ ಕೇಳಿಕೊಳ್ಳಬೇಕು, ಆಮೇಲೆ ಮಾತು ಹುಡುಕಬೇಕು.

ರೋಜೆ 1869ರ ಸೆಪ್ಟೆಂಬರ್ 12ರಂದು, ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ಪುಸ್ತಕದ ಕೆಲಸವನ್ನು ಮಗ, ಆಮೇಲೆ ಮೊಮ್ಮಗ ಮುಂದುವರಿಸಿದರು.

ಈಗ ನನ್ನ ಅಕೌಂಟೆನ್ಸಿ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ನನ್ನದೂ ಒಂದು ಲೆಡ್ಜರ್ ಇದೆ. ಎಡಗಡೆ ನಂಬಿಕೆ, ಬಲಗಡೆ ಸಂದೇಹ. ಉರ್ದು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬರೆಯುತ್ತಿದ್ದೇನೆ. ಇಲ್ಲಿಯವರೆಗೆ ಆಗಿರುವುದು ನಲವತ್ತೊಂದು ಮಾತು. ಮಾತು ಬರುವುದಿಲ್ಲವೆಂದು ನನ್ನ ಹಾಗೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರುವವರು ಯಾರಾದರೂ ಇದ್ದರೆ ಬನ್ನಿ, ಒಟ್ಟಿಗೆ ಬರೆಯೋಣ.